ಹಸಿರು ಪಟ್ಟಿಯ ಕುರಿಗಳು

ನಾನು ಕುರಿ, ದನಗಳಿಗೆ ಸೂಜಿ ಚುಚ್ಚುವ ಮನುಷ್ಯ. ಸರ್ಕಾರಿ ಕಾಗದದಲ್ಲಿ ನನ್ನ ಹುದ್ದೆಗೆ ಒಂದು ಉದ್ದನೆಯ ಹೆಸರಿದೆ. ತೊಗರಿಹಾಳದವರು ಮಾತ್ರ ‘ಕುರಿ ಡಾಕ್ಟ್ರು’ ಎನ್ನುತ್ತಾರೆ. ನಾನು ಡಾಕ್ಟರಲ್ಲ, ಬರೀ ಸಹಾಯಕ ಎಂದು ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಸುಮ್ಮನಾದೆ. ಸುಮ್ಮನಾಗುವುದರಲ್ಲಿ ನಾನು ಬಲು ಜಾಣ. ಆ ಜಾಣತನ ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನೇ ಈಗ ಹೇಳಹೊರಟಿದ್ದೇನೆ.

ಹೆಸರು ಉದಯಕುಮಾರ್. ಹುಟ್ಟಿದ್ದು ಪೆದ್ದಹರಿವಾಣಂ, ಈಗ ಮನೆ ಆದೋನಿಯಲ್ಲಿ. ಮಾತು ಕನ್ನಡ, ಸರ್ಕಾರಿ ಕಾಗದ ತೆಲುಗು ಆದ ಗಡಿಸೀಮೆ ನಮ್ಮದು. ಹೆಂಡತಿ ಹಾರಿಕಾ ಅಲ್ಲೇ ಒಂದು ಆಸ್ಪತ್ರೆಯಲ್ಲಿ ನರ್ಸ್. ದಿನಾ ಬೆಳಿಗ್ಗೆ ಬೈಕಿನ ಹಿಂದೆ ಐಸ್ ಡಬ್ಬಿ ಕಟ್ಟಿಕೊಂಡು ತೊಗರಿಹಾಳಕ್ಕೆ ಬರುತ್ತೇನೆ. ದೊಡ್ಡ ಊರೇನಲ್ಲ, ನಾನೂರು ಮನೆ. ಆದರೆ ಊರಿಗೆ ಎರಡು ಚಹಾ ಹೋಟೆಲು, ಎರಡು ಕುಡಿಯುವ ನೀರಿನ ಪ್ಲಾಂಟು, ಚೌತಿಗೆ ಎರಡು ಗಣಪತಿ. ಒಂದು ಹಸಿರು ವರ್ಗದ್ದು, ಇನ್ನೊಂದು ನೇರಳೆ ವರ್ಗದ್ದು. ಪಕ್ಷಕ್ಕೆ ಇಲ್ಲಿ ವರ್ಗ ಎನ್ನುತ್ತಾರೆ, ಬಾವುಟದ ಬಣ್ಣವೇ ಅದರ ಹೆಸರು. ನಾನು ಬಂದ ಮೊದಲ ದಿನ ಬಾಯಾರಿ ಹತ್ತಿರ ಕಂಡ ಹೋಟೆಲಿನಲ್ಲಿ ಚಹಾ ಕುಡಿದೆ. ಸಂಜೆಯೊಳಗೆ ನಾನು ಹಸಿರಿನವನು ಎಂದು ತೀರ್ಮಾನವಾಗಿತ್ತು. ಮರುದಿನ ಇನ್ನೊಂದರಲ್ಲಿ ಎರಡು ಲೋಟ ಕುಡಿದು ಸರಿ ಮಾಡಿಕೊಂಡೆ. ಆಮೇಲೆ ಮನೆಯಿಂದಲೇ ಫ್ಲಾಸ್ಕ್ ತರತೊಡಗಿದೆ.

ಈ ಎರಡು ವರ್ಗಗಳ ಬಗ್ಗೆ ನನ್ನ ಅಭಿಪ್ರಾಯವನ್ನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಎರಡರ ದೊಡ್ಡ ನಾಯಕರೂ ಆದೋನಿಯಲ್ಲಿ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುತ್ತಾರೆ, ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ, ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ತೊಗರಿಹಾಳದಲ್ಲಿ ಮಾತ್ರ ಅಣ್ಣತಮ್ಮಂದಿರು ಒಬ್ಬರ ಬೀಡಿಗೆ ಇನ್ನೊಬ್ಬರು ಬೆಂಕಿ ಕೊಡುವುದಿಲ್ಲ. ಇದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಉರಿದರೂ ಹೊರಗೆ ಹೇಳುವುದಿಲ್ಲ, ಏಕೆಂದರೆ ವರ್ಗಾವಣೆಯ ಭಯ. ಜಿಲ್ಲೆಯ ಆ ತುದಿಗೆ ಎತ್ತಿಹಾಕಿದರೆ ಹಾರಿಕಾಳ ಕೆಲಸ ಒಂದು ಕಡೆ, ನನ್ನದು ಒಂದು ಕಡೆ.

ಈ ಸಲದ ಪಂಚಾಯಿತಿ ಚುನಾವಣೆಯಲ್ಲಿ ನೇರಳೆಯವರು ಗೆದ್ದರು. ಸ್ಥಾನ ಹೆಂಗಸರಿಗೆ ಮೀಸಲು, ಹಾಗಾಗಿ ಗೆದ್ದವಳು ರಾಮಲಕ್ಷ್ಮಿ. ಕುರ್ಚಿಯಲ್ಲಿ ಕೂತವನು ಅವಳ ಗಂಡ ನರಸಣ್ಣ. ಊರವರು ಅವನನ್ನೇ ಸರ್ಪಂಚ್ ಎನ್ನುತ್ತಿದ್ದರು. ಕಾಗದಗಳಿಗೆ ಹೆಂಡತಿಯ ಹೆಸರನ್ನು ಅವನೇ ಗೀಚುತ್ತಿದ್ದ. ನನ್ನ ಕಾಗದಗಳಿಗೂ ಗೀಚಿದ್ದಾನೆ. ನಾನು ಪೆನ್ನಿನ ಕ್ಯಾಪು ತೆಗೆದು ಅವನ ಕೈಗೆ ಕೊಟ್ಟಿದ್ದೇನೆ, ಒಂದಲ್ಲ, ಹತ್ತು ಸಲ.

ಇನ್ನು ಎರ್ರಿಸ್ವಾಮಿಯ ವಿಷಯ. ವಯಸ್ಸು ಅರವತ್ತರ ಹತ್ತಿರ, ಹಿಂಡಿನಲ್ಲಿ ನೂರಾ ಮೂವತ್ತು ಕುರಿ. ಅದರಲ್ಲಿ ಕೆಲವು ಬೇರೆಯವರವು. ಊರಲ್ಲಿ ಕುರಿ ಇದ್ದು ಮೇಯಿಸುವವರಿಲ್ಲದ ಮನೆಯವರು ಅವನಿಗೆ ಪಾಲಿಗೆ ಬಿಟ್ಟಿರುತ್ತಾರೆ. ಹುಟ್ಟಿದ ಮರಿಯಲ್ಲಿ ಅರ್ಧ ಅವನಿಗೆ, ಅರ್ಧ ಒಡೆಯರಿಗೆ. ಯಾವ ಕುರಿ ಯಾರದೆಂದು ಗುರುತಿಗೆ ಕಿವಿಯ ಅಂಚಿನಲ್ಲಿ ಒಂದೊಂದು ಮನೆಗೆ ಒಂದೊಂದು ಬಗೆಯ ಸೀಳು. ಪಾಲಿನ ಕುರಿ ಸತ್ತರೆ ಆ ಕಿವಿಯನ್ನು ಕೊಯ್ದು ತಂದು ಒಡೆಯರ ಕೈಗೆ ಒಪ್ಪಿಸಬೇಕು. ಮಾರಿಕೊಂಡಿಲ್ಲ, ಸತ್ತದ್ದು ನಿಜ ಎಂಬುದಕ್ಕೆ ಅದೇ ಸಾಕ್ಷಿ.

ಕಿವಿಯ ಗುರುತು ಒಡೆಯರದಾದರೆ ಬೆನ್ನಿನ ಗುರುತು ಹಿಂಡಿನದು. ಬಯಲಲ್ಲಿ ಎರಡು ಹಿಂಡು ಬೆರೆತರೆ ಬೇರ್ಪಡಿಸಬೇಕಲ್ಲ. ಎರ್ರಿಸ್ವಾಮಿ ಪ್ರತಿ ವರ್ಷ ಕೆಮ್ಮಣ್ಣು ಕಲಸಿ ಸೊಂಟದ ಮೇಲೆ ಒಂದು ಪಟ್ಟಿ ಎಳೆಯುತ್ತಿದ್ದ. ಒಂದು ಮಳೆ ಬಿದ್ದರೆ ಅದು ಹೋಗುತ್ತಿತ್ತು, ಮತ್ತೆ ಎಳೆಯಬೇಕಾಗುತ್ತಿತ್ತು. ಈ ಸಲ ಚುನಾವಣೆಗೆ ಗೋಡೆ ಬರೆಯಲು ಬಂದ ಹಸಿರಿನವರು ಅವನ ಮನೆಯ ಗೋಡೆಗೂ ಬಳಿದು, ಉಳಿದ ಅರ್ಧ ಡಬ್ಬಿ ಬಣ್ಣವನ್ನು ಅಲ್ಲೇ ಬಿಟ್ಟು ಹೋದರು. ಒಳ್ಳೆಯ ಎಣ್ಣೆ ಬಣ್ಣ, ಯಾವ ಮಳೆಗೂ ಜಗ್ಗುವುದಿಲ್ಲ. ಯಾಕೆ ಹಾಳು ಮಾಡುವುದೆಂದು ಎರ್ರಿಸ್ವಾಮಿ ನೂರಾ ಮೂವತ್ತು ಕುರಿಗಳಿಗೂ ಅಚ್ಚ ಹಸಿರು ಪಟ್ಟಿ ಎಳೆದುಬಿಟ್ಟ. ಮನಸ್ಸಿನಲ್ಲಿ ಏನೂ ಇರಲಿಲ್ಲ. ಅವನು ಯಾರಿಗೆ ವೋಟು ಹಾಕಿದನೋ ಅವನ ಹೆಂಡತಿ ಭೀಮಕ್ಕನಿಗೂ ಗೊತ್ತಿಲ್ಲ.

ಹದಿನೈದು ದಿನಕ್ಕೆ ಫಲಿತಾಂಶ ಬಂತು, ಹಸಿರು ಸೋತಿತು. ಮರುದಿನ ಬೆಳಿಗ್ಗೆ ಎಂದಿನಂತೆ ಎರ್ರಿಸ್ವಾಮಿಯ ಹಿಂಡು ನರಸಣ್ಣನ ಮನೆಯ ಮುಂದೆ ಮೆರವಣಿಗೆ ಹೊರಟಿತು. ನೂರಾ ಮೂವತ್ತು ಹಸಿರು ಪಟ್ಟಿ, ಅದೂ ಬಿಳಿ ಉಣ್ಣೆಯ ಮೇಲೆ. ನರಸಣ್ಣ ಹಲ್ಲುಜ್ಜುವುದನ್ನು ಬಿಟ್ಟು ನೋಡಿದನಂತೆ. ಅಂದಿನಿಂದ ಅವು ಊರಲ್ಲಿ ಹಸಿರು ವರ್ಗದ ಕುರಿಗಳಾದವು. ನೇರಳೆಯವರು ಜೋಳ ಕೊಯ್ದ ಹೊಲಗಳಿಗೂ ಅವನ್ನು ಬಿಟ್ಟುಕೊಳ್ಳಲಿಲ್ಲ. ಎರ್ರಿಸ್ವಾಮಿ ಜಗಳಕ್ಕೆ ಹೋಗದೆ ದೂರದ ಗುಡ್ಡದ ಕಡೆ ಮೇಯಿಸಿಕೊಂಡು ಬಂದ.

ಸಂಕ್ರಾಂತಿ ಕಳೆದ ವಾರ ಹಿರೇಬೇನೆಯ ಸುದ್ದಿ ಬಂತು. ಕುರಿಗಳಿಗೆ ಜ್ವರ ಬಂದು, ಮೂಗು ಸೋರಿ, ಭೇದಿ ಹತ್ತಿದರೆ ಅರ್ಧ ಹಿಂಡು ವಾರದಲ್ಲಿ ಖಾಲಿ. ದೇವನಕೊಂಡ ಕಡೆಗೆ ಮೇಯಲು ಹೋಗಿ ಬಂದ ಯಾವುದೋ ಹಿಂಡಿನಲ್ಲಿ ಕಾಣಿಸಿತಂತೆ. ಬಂದ ಮೇಲೆ ಮದ್ದಿಲ್ಲ, ಬರುವ ಮೊದಲೇ ಸೂಜಿ ಹಾಕಬೇಕು. ನಾನು ಓಡಾಡಿ ಲಸಿಕೆ ತಂದೆ. ಪಂಚಾಯಿತಿ ಆಫೀಸಿನ ಮುಂದಿನ ಬಯಲಲ್ಲಿ ಕ್ಯಾಂಪು. ಬೆಳಿಗ್ಗೆ ಏಳಕ್ಕೇ ಹಿಂಡುಗಳು ಬಂದು ನಿಂತವು. ನರಸಣ್ಣ ನೇರಳೆ ಶಾಲು ಹೊದ್ದು ಕುರ್ಚಿ ಹಾಕಿಸಿಕೊಂಡು ಕೂತ. ಯಾವ ಹಿಂಡು ಮೊದಲು, ಯಾವುದು ಆಮೇಲೆ ಎಂದು ಬೆರಳಲ್ಲೇ ತೋರಿಸುತ್ತಿದ್ದ.

ಒಂದೇ ಕುರಿಗೆ ಎರಡು ಸಲ ಚುಚ್ಚಬಾರದೆಂದು ಚುಚ್ಚಿದ ಮೇಲೆ ನಾವು ಗುರುತು ಹಾಕುತ್ತೇವೆ. ನನ್ನ ಬಳಿ ಇದ್ದದ್ದು ಗಾಯಕ್ಕೆ ಹಚ್ಚುವ ಮದ್ದು, ಅದರ ಬಣ್ಣ ನೇರಳೆ. ಅದಕ್ಕೆ ಯಾವ ವರ್ಗವೂ ಇಲ್ಲ, ದೇಶದಲ್ಲೆಲ್ಲ ಅದು ನೇರಳೆಯೇ. ಆದರೆ ತಲೆಯ ಮೇಲೊಂದು ನೇರಳೆ ಬೊಟ್ಟು ಬಿದ್ದ ಕುರಿಗಳು ಸಾಲಾಗಿ ಹೊರಡುವುದನ್ನು ಕಂಡು ನರಸಣ್ಣನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಫೋನು ತೆಗೆದು ಫೋಟೋ ಹೊಡೆದೇ ಹೊಡೆದ.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಹಿಂಡು ಮುಗಿದಿತ್ತು, ಎರ್ರಿಸ್ವಾಮಿಯದು ಬಿಟ್ಟು. ಅವನು ಬೆಳಿಗ್ಗೆಯಿಂದ ಹುಣಸೆ ಮರದ ಕೆಳಗೆ ಕಾಯುತ್ತಿದ್ದ. ನಾನು ಆಗಷ್ಟೇ ಹೊಸ ಸೀಸೆ ಒಡೆದಿದ್ದೆ. ಒಂದು ಸೀಸೆ ನೂರು ಕುರಿಗೆ ಬರುತ್ತದೆ. ಒಮ್ಮೆ ನೀರು ಬೆರೆಸಿದರೆ ಎರಡು ಗಂಟೆಯೊಳಗೆ ಮುಗಿಸಬೇಕು, ಆಮೇಲೆ ಅದು ಕೆಲಸಕ್ಕೆ ಬಾರದು. ಮೂವತ್ತು ಕುರಿಗೆ ಹಾಕಿಯಾಗಿತ್ತು, ಇನ್ನೂ ಎಪ್ಪತ್ತಕ್ಕೆ ಆಗುವಷ್ಟಿತ್ತು. ನಾನು ಎರ್ರಿಸ್ವಾಮಿಗೆ ಕೈ ಬೀಸಿದೆ. ನರಸಣ್ಣ ನನ್ನ ಕೈ ಹಿಡಿದು ಇಳಿಸಿದ.

“ಸಾರು, ಅವು ಯಾವ ವರ್ಗದ ಕುರಿ ಕಾಣಂಗಿಲ್ಲೇನು? ಬಣ್ಣ ತೆಗೆಸ್ಕೊಂಡು ಬರ್ಲಿ, ಆಮ್ಯಾಗ ನೋಡೋಣಂತ. ಸರೇನಾ?”

ಮದ್ದು ಸರ್ಕಾರದ್ದು, ನಿನ್ನದಲ್ಲ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವನು ಆಮೇಲೆ ಮೆಲ್ಲಗೆ, ನಿಮ್ಮ ಮೇಡಂ ಆದೋನಿಯಲ್ಲೇ ಅಲ್ಲವೇ ಕೆಲಸ ಮಾಡೋದು ಎಂದು ಕೇಳಿದ. ಅಷ್ಟು ಸಾಕಾಯಿತು. ನಾನು ಎಪ್ಪತ್ತು ಕುರಿಯ ಮದ್ದನ್ನು ಗುಂಡಿಗೆ ಸುರಿದು ಮೇಲೆ ಸುಣ್ಣ ಹಾಕಿದೆ. ಎರ್ರಿಸ್ವಾಮಿ ಅದನ್ನು ನೋಡಿದ. ಹತ್ತಿರ ಬಂದು, ನಮ್ಮ ಕುರಿ ಯಾವಾಗ ಸಾರು ಎಂದ. ನಾಳೆ ಎಂದೆ. ಯಾವ ನಾಳೆ ಎಂದು ಅವನು ಕೇಳಲಿಲ್ಲ.

ಸಂಜೆ ಹಸಿರಿನ ಬಾಲರಾಜ್ ಹಿಂಬಾಲಕರ ಜತೆ ಎರ್ರಿಸ್ವಾಮಿಯ ಹಟ್ಟಿಗೆ ಹೋದ. ಸರ್ಪಂಚ್ ಸ್ಥಾನಕ್ಕೆ ತಾಯಿಯನ್ನು ನಿಲ್ಲಿಸಿ ಸೋತವನು. ಕುರಿಗಳ ನಡುವೆ ನಿಂತು, ಮೂಕ ಪ್ರಾಣಿಗಳ ಮೇಲೂ ದ್ವೇಷ ಎಂದು ಹತ್ತು ನಿಮಿಷದ ವಿಡಿಯೋ ಮಾಡಿಸಿದ. ಬಣ್ಣ ತೆಗೆಯಬೇಡ, ಅವರು ತಾವಾಗಿ ಬಂದು ಹಾಕಿದರೂ ಸೂಜಿ ಹಾಕಿಸಿಕೊಳ್ಳಬೇಡ, ಕಲೆಕ್ಟರೇ ಊರಿಗೆ ಬರಬೇಕು, ಅಲ್ಲಿಯ ತನಕ ಹೋರಾಟ ಎಂದು ಅಪ್ಪಣೆ ಕೊಡಿಸಿ ಹೋದ. ಕಲೆಕ್ಟರು ಬರುವ ತನಕ ಬೇನೆಗೂ ತಡಿ ಅಂತ ಹೇಳೀರೇನು ಎಂದು ಎರ್ರಿಸ್ವಾಮಿ ಕೇಳಿದನಂತೆ. ಅದು ವಿಡಿಯೋದಲ್ಲಿ ಬರಲಿಲ್ಲ.

ಆ ರಾತ್ರಿ ಹಾರಿಕಾ ಎರಡು ಸಲ ಕೇಳಿದರೂ ನಾನು ಏನಾಯಿತೆಂದು ಹೇಳಲಿಲ್ಲ. ನಾಚಿಕೆ ಆಗಿತ್ತು.

ಮರುದಿನ ಐಸ್ ಡಬ್ಬಿಯಲ್ಲಿ ಎರಡು ಸೀಸೆ ಇಟ್ಟುಕೊಂಡು ಬೇಗ ಹೊರಟೆ. ನರಸಣ್ಣ ಎದುರಿಗೆ ಇರದಿದ್ದರೆ ಗುಟ್ಟಾಗಿ ಚುಚ್ಚಿಬಿಡುವ ಯೋಚನೆ. ನನ್ನ ಧೈರ್ಯ ಅಷ್ಟೇ ಉದ್ದದ್ದು. ಹುಣಸೆ ಮರದ ಕೆಳಗೆ ಎರ್ರಿಸ್ವಾಮಿ ಉಣ್ಣೆ ಕತ್ತರಿಸುವ ಕತ್ತರಿ ಹಿಡಿದು ಕೂತಿದ್ದ. ಪಕ್ಕದಲ್ಲಿ ಹಸಿರು ಉಣ್ಣೆಯ ಸಣ್ಣ ಗುಡ್ಡೆ. ಆರು ಕುರಿ ಆಗಲೇ ಬೆನ್ನು ಬೋಳಾಗಿ, ಒಂದಕ್ಕೊಂದು ಒತ್ತಿಕೊಂಡು ನಡುಗುತ್ತಿದ್ದವು. ಆ ವಾರ ನಮ್ಮ ಕಡೆ ಎಂದೂ ಇಲ್ಲದ ಚಳಿ. ಸೀಮೆಎಣ್ಣೆ ಹಚ್ಚಿ ತಿಕ್ಕಿ ನೋಡಿದನಂತೆ, ಬಣ್ಣ ಹೋಗದೆ ಚರ್ಮ ಕಿತ್ತುಬಂತಂತೆ. ಅದಕ್ಕೇ ಕತ್ತರಿ. ಹಿಂಡಿನಲ್ಲಿ ಅರ್ಧಕ್ಕರ್ಧ ಗಬ್ಬದ ಕುರಿಗಳು. ಬೇಸಿಗೆಯಲ್ಲಿ ತೆಗೆಯಬೇಕಾದ ಉಣ್ಣೆಯನ್ನು ಪುಷ್ಯದಲ್ಲಿ ತೆಗೆದರೆ ಏನಾಗುತ್ತದೆಂದು ಅವನಿಗೆ ನಾನು ಹೇಳಿಕೊಡಬೇಕಿರಲಿಲ್ಲ.

ಅವನು ಕತ್ತರಿಯನ್ನು ತೊಡೆಯ ಮೇಲಿಟ್ಟು ನನ್ನ ಮುಖ ನೋಡಿದ.

“ಸಾರು, ನೀವು ಓದಿದವರು, ಒಂದು ಮಾತು ಹೇಳ್ರಿ. ಚಳಿಗೆ ಹೆಚ್ಚು ಸಾಯ್ತಾವೋ, ಬ್ಯಾನಿಗೆ ಹೆಚ್ಚು ಸಾಯ್ತಾವೋ? ಯಾವುದು ಕಡಿಮಿ ಅಂತೀರೋ ಅದನ್ನ ಮಾಡ್ತೀನಿ.”

ವ್ಯಂಗ್ಯ ಇರಲಿಲ್ಲ, ಸಿಟ್ಟೂ ಇರಲಿಲ್ಲ. ನಿಜವಾಗಿ ಕೇಳಿದ. ಹದಿನಾಲ್ಕು ವರ್ಷದ ಕೆಲಸದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಕತ್ತರಿಸಬೇಡ, ಈಗ ಬಂದೆ ಎಂದಷ್ಟೇ ಹೇಳಿ, ಬೈಕು ಅಲ್ಲೇ ಬಿಟ್ಟು ಸರ್ಪಂಚ್ ಮನೆಗೆ ನಡೆದೆ. ಕೈಯಲ್ಲಿ ಕ್ಯಾಂಪಿನ ರಿಜಿಸ್ಟರು ಇತ್ತು. ಅದಕ್ಕೆ ಸರ್ಪಂಚರ ಸಹಿ ಬೇಕಿತ್ತು, ಹೋಗಲು ನೆಪವೂ ಆಯಿತು.

ನರಸಣ್ಣ ಮನೆಯಲ್ಲಿ ಇರಲಿಲ್ಲ. ಆದೋನಿಯಲ್ಲಿ ಒಬ್ಬ ಹತ್ತಿ ಸಾಹುಕಾರರ ಗೃಹಪ್ರವೇಶಕ್ಕೆ ಹೋಗಿದ್ದ. ಬಾಲರಾಜನೂ ಅಲ್ಲಿಗೇ ಹೋಗಿದ್ದಾನೆಂದು ಆಮೇಲೆ ತಿಳಿಯಿತು. ರಾಮಲಕ್ಷ್ಮಿ ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ಮೂವತ್ತೈದರ ಹೆಂಗಸು, ಏಳನೆಯ ಕ್ಲಾಸು ಓದಿದವಳು. ಗೆದ್ದ ದಿನ ಕೊರಳಿಗೆ ಹಾರ ಹಾಕಿಸಿಕೊಂಡದ್ದು ಬಿಟ್ಟರೆ ಆಫೀಸಿನ ಕಡೆ ಬಂದದ್ದೇ ಇಲ್ಲ. ಅಕ್ಕಾ, ಸಹಿ ಬೇಕಿತ್ತು ಎಂದೆ. ಅವರು ಬರ್ತಾರೆ ಬಿಡಿ, ಅವರೇ ಮಾಡ್ತಾರೆ ಎಂದಳು. ನಾನು ಮೊದಲ ಸಲ, ಇದು ನಿಮ್ಮ ಹೆಸರಲ್ಲಿ ಇರೋದು ಅಕ್ಕಾ, ನೀವೇ ಮಾಡಬೇಕು ಎಂದೆ.

ಅವಳು ಕೈ ಒರೆಸಿಕೊಂಡು ರಿಜಿಸ್ಟರು ತೆಗೆದುಕೊಂಡಳು. ಊರಿನ ಎಲ್ಲಾ ಕುರಿಗಳಿಗೆ ಮದ್ದು ಹಾಕಲಾಗಿದೆ ಎಂದು ತೆಲುಗಿನಲ್ಲಿ ಬರೆದಿದ್ದನ್ನು ಬೆರಳಿಟ್ಟು ಓದಿದಳು. ಹಿಂಡುಗಳ ಹೆಸರನ್ನು ಒಂದೊಂದಾಗಿ ಓದಿದಳು. ಮತ್ತೊಮ್ಮೆ ಮೇಲಿನಿಂದ ಓದಿದಳು.

“ಎರ್ರಿಸ್ವಾಮಿ ಮಾವನ ಹಿಂಡು ಇದರಾಗ ಇಲ್ಲಲ್ರಿ. ನನ್ನ ತವರಿನವರು ಉಡಿಯಾಗ ಕೊಟ್ಟ ಕುರಿಗಳ ಸಂತಾನ, ಆರು, ಅವನ ಹತ್ರ ಪಾಲಿಗೆ ಅದಾವ.”

ನಡೆದದ್ದನ್ನೆಲ್ಲ ಹೇಳಿದೆ. ಸುರಿದ ಮದ್ದಿನ ವಿಷಯವನ್ನೂ ಮುಚ್ಚಿಡಲಿಲ್ಲ. ಅವಳು ಗಂಡನನ್ನೂ ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಮೊರವನ್ನು ಗೋಡೆಗೆ ಆನಿಸಿ, ಸೆರಗು ಹೊದ್ದು, ನಡೀರಿ ಎಂದಳು.

ಸರ್ಪಂಚ್ ಹುಣಸೆ ಮರದ ಕಡೆ ನಡೆದು ಬಂದದ್ದು ಊರಿಗೆ ಹೊಸದು. ನಾಲ್ಕು ಜನ ಸೇರಿದರು, ನಾಲ್ಕು ಇಪ್ಪತ್ತಾಯಿತು. ನಾನು ಸೀಸೆ ಒಡೆದು ಇನ್ನೂ ಸಿರಿಂಜಿಗೆ ಎಳೆಯುತ್ತಿದ್ದೆ, ನರಸಣ್ಣನ ಕಾರು ಬಂತು. ಯಾರೋ ಫೋನು ಮಾಡಿದ್ದರು. ಶಾಲಿನ ಮೇಲೆ ಗೃಹಪ್ರವೇಶದ ಅರಿಶಿನ ಅಕ್ಷತೆ ಇನ್ನೂ ಇತ್ತು. ಜನರ ಮುಂದೆ ಹೆಂಡತಿಯ ಮೇಲೆ ಕೂಗಾಡುವುದು ಚೆನ್ನಾಗಿರದೆಂದು ಅವನಿಗೂ ಗೊತ್ತಿತ್ತು. ದನಿ ಇಳಿಸಿಯೇ ಮಾತಾಡಿದ. ಸರಿ, ಬೋಳಿಸಿದವು ಬಣ್ಣ ಬಿಟ್ಟಿವೆ, ಅವಕ್ಕೆ ಹಾಕಿ. ನಮ್ಮ ಆರನ್ನು ಬೇರೆ ತೆಗೆದು ಅವಕ್ಕೂ ಹಾಕಿ. ಉಳಿದವು ಬಣ್ಣ ತೆಗೆಸಿಕೊಂಡ ಮೇಲೆ. ಇದು ಅವನ ತೀರ್ಪು. ಎರ್ರಿಸ್ವಾಮಿ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ.

ರಾಮಲಕ್ಷ್ಮಿ ಗಂಡನ ಕಡೆ ತಿರುಗಿದಳು.

“ನಮ್ಮವು ಯಾವು, ತೋರಿಸ್ರಿ.”

ನರಸಣ್ಣ ಹಿಂಡನ್ನು ನೋಡಿದ. ಮದುವೆಯಾಗಿ ಹದಿನೇಳು ವರ್ಷವಾಗಿತ್ತು. ಆ ಕುರಿಗಳ ಮರಿಗಳ ಮರಿಗಳು ಅವನ ಮನೆಯ ಹಬ್ಬಗಳಿಗೆ ಬಂದಿದ್ದವು. ಅವನಿಗೆ ಕಿವಿಯ ಸೀಳು ಹೇಗಿದೆ ಎಂಬುದೂ ಗೊತ್ತಿರಲಿಲ್ಲ.

“ಗೊತ್ತಿಲ್ಲಲ್ಲ? ಯಾವು ಅಂತ ಗೊತ್ತಾಗೋ ತನಕ ಎಲ್ಲಾ ನಮ್ಮವೇ. ಸಾರು, ನೀವು ಹಾಕ್ರಿ.”

ನಾನು ಹಾಕಿದೆ. ಎರ್ರಿಸ್ವಾಮಿ ಒಂದೊಂದನ್ನೇ ಹಿಡಿದುಕೊಟ್ಟ, ಭೀಮಕ್ಕ ನೇರಳೆ ಬೊಟ್ಟು ಇಟ್ಟಳು. ಸೊಂಟದ ಮೇಲೆ ಹಸಿರು, ತಲೆಯ ಮೇಲೆ ನೇರಳೆ. ನೋಡಿದವರಲ್ಲಿ ಯಾರೋ ನಕ್ಕರು, ಆಮೇಲೆ ಎರಡೂ ವರ್ಗದವರು ನಕ್ಕರು. ನರಸಣ್ಣ ಕಾರಿನಲ್ಲಿ ಕೂತು ಫೋನು ನೋಡುತ್ತಿದ್ದ. ನೂರಾ ಮೂವತ್ತು ಮುಗಿದ ಮೇಲೆ ರಾಮಲಕ್ಷ್ಮಿ ರಿಜಿಸ್ಟರಿನಲ್ಲಿ ತನ್ನ ಹೆಸರನ್ನು ನಿಧಾನವಾಗಿ ಬರೆದಳು. ಹಿಂದಿನ ಪುಟಗಳ ಸಹಿಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಅವಳು ಹಿಂದಿನ ಪುಟ ತಿರುಗಿಸಿ ನೋಡಿದಳು, ನನ್ನ ಮುಖವನ್ನೂ ನೋಡಿದಳು. ನಾನು ಡಬ್ಬಿಯ ಮುಚ್ಚಳ ಸರಿಮಾಡುವವನಂತೆ ಬಗ್ಗಿದೆ.

ಇಲ್ಲಿಗೆ ಮುಗಿದಿದ್ದರೆ ನಾನೂ ನೆಮ್ಮದಿಯಿಂದ ಇರುತ್ತಿದ್ದೆ. ನಾಲ್ಕನೆಯ ದಿನ ಬೋಳಿಸಿದ ಆರು ಕುರಿಗಳಲ್ಲಿ ಒಂದಕ್ಕೆ ಚಳಿ ಹಿಡಿದು ಎದೆ ಕಟ್ಟಿತು. ಗಬ್ಬದ ಕುರಿ. ಎರ್ರಿಸ್ವಾಮಿ ತಾನು ಹೊದೆಯುವ ಕಂಬಳಿಯನ್ನೇ ಅದಕ್ಕೆ ಹೊದಿಸಿದ್ದ. ನಾನು ದಿನಕ್ಕೆರಡು ಸಲ ಸೂಜಿ ಹಾಕಿದೆ. ಎಂಟನೆಯ ದಿನ ಬೆಳಿಗ್ಗೆ ಅದು ಸತ್ತಿತು. ಎರ್ರಿಸ್ವಾಮಿ ಚಾಕು ತಂದು ಅದರ ಎಡಗಿವಿ ಕೊಯ್ಯುವಾಗಲೇ ನನಗೆ ಗೊತ್ತಾದದ್ದು, ಅದು ಪಾಲಿನ ಕುರಿ ಎಂದು. ಆರೂ ರಾಮಲಕ್ಷ್ಮಿಯವೇ. ಅವನ್ನೇ ಯಾಕೆ ಮೊದಲು ಬೋಳಿಸಿದೆ ಎಂದು ಕೇಳಿದೆ. “ಇನ್ನೊಬ್ಬರ ಸೊತ್ತು ಸಾರು. ನಮ್ಮವು ಏನಾರ ಆಗ್ಲಿ, ಅವಕ್ಕಾದ್ರೂ ಮೊದ್ಲು ಸೂಜಿ ಬೀಳ್ಲಿ ಅಂತ,” ಎಂದ. ಅಂದು ಹೇಳಬಹುದಿತ್ತಲ್ಲ ಎಂದೆ. ಹೇಳಿದ್ದರೆ ಬರೀ ಆರಕ್ಕೆ ಹಾಕಿಸಿ ಹೋಗುತ್ತಿದ್ದರು ಎಂದು ಕಿವಿಯನ್ನು ಬಟ್ಟೆಯಲ್ಲಿ ಸುತ್ತಿ ಹೊರಟ.

ಮಧ್ಯಾಹ್ನ ನಾನು ಪಂಚಾಯಿತಿ ಆಫೀಸಿನಲ್ಲಿದ್ದೆ. ಸತ್ತ ಕುರಿಯ ವರದಿಗೆ ಸರ್ಪಂಚರ ಸಹಿ ಬೇಕಿತ್ತು. ಕುರ್ಚಿಯಲ್ಲಿ ನರಸಣ್ಣ. ಹೇಳಲು ನನಗೆ ಈಗಲೂ ಅಸಹ್ಯವಾಗುತ್ತದೆ, ನಾನು ಕಾಗದವನ್ನು ಅವನ ಮುಂದೆಯೇ ಇಟ್ಟಿದ್ದೆ, ಪೆನ್ನಿನ ಕ್ಯಾಪನ್ನೂ ತೆಗೆದಿದ್ದೆ. ಕೈ ತಾನೇ ಹಾಗೆ ಮಾಡಿತ್ತು. ಯಾರದು ಕುರಿ, ಆ ಹಸಿರಿನವನದೇ ಎಂದು ಕೇಳುತ್ತ ಅವನು ಪೆನ್ನು ತೆಗೆದುಕೊಂಡ.

ಅಷ್ಟರಲ್ಲಿ ರಾಮಲಕ್ಷ್ಮಿ ಒಳಗೆ ಬಂದಳು. ಆ ಆಫೀಸಿನೊಳಗೆ ಅವಳು ಹಾರ ಹಾಕಿಸಿಕೊಂಡ ದಿನದ ನಂತರ ಕಾಲಿಟ್ಟದ್ದು ಅದೇ ಮೊದಲು. ಕೈಯಲ್ಲಿದ್ದ ಬಟ್ಟೆಯ ಸಣ್ಣ ಗಂಟನ್ನು ಬಿಚ್ಚಿ, ಒಳಗಿದ್ದ ಕಿವಿಯನ್ನು ಕಾಗದದ ಮೇಲೆ, ಸಹಿ ಬೀಳಬೇಕಾದ ಜಾಗದಲ್ಲಿ ಇಟ್ಟಳು. ಬಿಳಿ ಕಿವಿ, ಅಂಚಿನಲ್ಲಿ ಎರಡು ಸೀಳು. ನರಸಣ್ಣ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಏನಿದು ಎಂದ.

“ನಮ್ಮ ಕುರಿ,” ಎಂದಳು. “ಈಗ ಗೊತ್ತಾತಲ್ಲ ಯಾವುದು ನಮ್ಮದು ಅಂತ.”

ನಾನು ನರಸಣ್ಣನ ಬೆರಳುಗಳ ನಡುವಿನಿಂದ ಪೆನ್ನು ತೆಗೆದುಕೊಂಡು ಅವಳ ಕೈಗೆ ಕೊಟ್ಟೆ.